ಆರು ದಿನ, ಒಂದು ಸಂತೆ: ಪ್ರಾಥಮಿಕ ಶಾಲೆಯಲ್ಲಿ ಚಟುವಟಿಕೆ ವಾರ ನಡೆಸಲು ಸಮಗ್ರ ಮಾರ್ಗದರ್ಶಿ

ಚಟುವಟಿಕೆ ವಾರ ಎಂದ ಕೂಡಲೇ ಸೋಮವಾರ ರಂಗೋಲಿ, ಮಂಗಳವಾರ ಭಾಷಣ, ಬುಧವಾರ ಚಿತ್ರಕಲೆ, ಗುರುವಾರ ಕ್ವಿಜ್, ಶುಕ್ರವಾರ ಆಟೋಟ, ಶನಿವಾರ ಬಹುಮಾನ ಎಂದು ಪಟ್ಟಿ ಬರೆದುಬಿಡುತ್ತೇವೆ. ಕೊಪ್ಪಳ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಪಾಠ ಮಾಡುವ ನಾನೂ ಕೆಲವು ವರ್ಷ ಹಾಗೆಯೇ ಬರೆದೆ. ಒಂದು ವರ್ಷ ಬಹುಮಾನದ ಪಟ್ಟಿಯನ್ನು ಹಾಜರಿ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದೆ. 140 ಮಕ್ಕಳಿರುವ ಶಾಲೆಯಲ್ಲಿ ಬಹುಮಾನಗಳೆಲ್ಲ 14 ಮಕ್ಕಳ ಕೈಸೇರಿದ್ದವು. ಉಳಿದವರು ಆರು ದಿನ ಚಪ್ಪಾಳೆ ತಟ್ಟಿದ್ದರು. ಅವರಲ್ಲಿ ಹಲವರು ಗುರುವಾರದಿಂದ ಶಾಲೆಗೇ ಬಂದಿರಲಿಲ್ಲ.

ಅಂದಿನಿಂದ ವಾರವನ್ನು ಬೇರೆ ರೀತಿ ಕಟ್ಟುತ್ತಿದ್ದೇನೆ. ಸ್ಪರ್ಧೆಗೆ ಪ್ರತಿಭಾ ಕಾರಂಜಿ ಇದ್ದೇ ಇದೆ. ಈ ಆರು ದಿನಗಳಲ್ಲಿ ಶಾಲೆಯ ಎಲ್ಲ ಮಕ್ಕಳೂ ಸೇರಿ ಒಂದೇ ದೊಡ್ಡ ಕೆಲಸ ಮಾಡುತ್ತಾರೆ: ಗುರುವಾರದ ಮಕ್ಕಳ ಸಂತೆ. ಮೊದಲ ಮೂರು ದಿನ ಅದಕ್ಕೆ ಸಿದ್ಧತೆ, ಕೊನೆಯ ಎರಡು ದಿನ ಅದರ ಲೆಕ್ಕ ಮತ್ತು ಬರವಣಿಗೆ. ಮಂಗಳವಾರ ಬೊಡ್ಡು, ಅಂದರೆ ತೂಕದ ಕಲ್ಲು, ಮಾಡದಿದ್ದರೆ ಗುರುವಾರ ತೂಗಲಾಗದು, ಗುರುವಾರ ಮಾರಾಟದ ಚೀಟಿ ಬರೆಯದಿದ್ದರೆ ಶುಕ್ರವಾರ ಲೆಕ್ಕ ಮಾಡಲಾಗದು. ಒಂದು ದಿನದ ಕಲಿಕೆ ಮರುದಿನಕ್ಕೆ ನಿಜವಾಗಿ ಬೇಕಾದಾಗ ಮಕ್ಕಳನ್ನು ಯಾರೂ ಶಾಲೆಗೆ ಕರೆತರಬೇಕಾಗಿಲ್ಲ.

ಮೂರು ವಾರ ಮೊದಲು: ಯಾವ ವಾರ?

ನಮ್ಮ ಭಾಗದಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ದಸರಾ ರಜೆಯ ನಂತರ ಹತ್ತಿ ಬಿಡಿಸುವ ಕೆಲಸ ಶುರುವಾಗಿ ಹಾಜರಿ ಇಳಿಯುತ್ತದೆ. ಜನವರಿಯಲ್ಲಿ ಗವಿಮಠದ ಜಾತ್ರೆ. ಆಮೇಲೆ ಪರೀಕ್ಷೆಯ ಗಡಿಬಿಡಿ. ಕುಷ್ಟಗಿ, ಯಲಬುರ್ಗಾ ಕಡೆಯ ಒಣಬೇಸಾಯದ ಹಳ್ಳಿಗಳಲ್ಲಿ ಸುಗ್ಗಿ ಮುಗಿದೊಡನೆ ಗುಳೆ ಹೊರಡುವ ಕುಟುಂಬಗಳೂ ಇವೆ. ಮುಂಗಾರು ಬಿತ್ತನೆಗೆ ಅವರು ಮರಳಿ ಬಂದಿರುವ ಕಾಲವೇ ಶಾಲೆ ತುಂಬಿರುವ ಕಾಲ. ಹಾಗಾಗಿ ನಾನು ಆರಿಸುವುದು ಆಗಸ್ಟ್ ದ್ವಿತೀಯಾರ್ಧ ಅಥವಾ ಸೆಪ್ಟೆಂಬರ್ ಮೊದಲ ಭಾಗ. ನಾಗರಪಂಚಮಿಯ ಜೋಕಾಲಿ ಮುಗಿದಿರಬೇಕು, ಸ್ವಾತಂತ್ರ್ಯ ದಿನದ ತಾಲೀಮು ಮುಗಿದಿರಬೇಕು, ಗಣೇಶನ ಹಬ್ಬ ವಾರದ ನಡುವೆ ಬರಬಾರದು. ತಿಂಗಳ ಮೂರನೆಯ ಶನಿವಾರ ಬ್ಯಾಗ್ ರಹಿತ ಸಂಭ್ರಮ ಶನಿವಾರವಾಗಿರುವುದರಿಂದ ವಾರದ ಕೊನೆ ಅದಕ್ಕೆ ಹೊಂದಿದರೆ ಇನ್ನೂ ಅನುಕೂಲ.

ದಿನಾಂಕ ಗೊತ್ತಾದ ಮೇಲೆ ಮುಖ್ಯ ಶಿಕ್ಷಕರ ಮೂಲಕ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವಿಷಯ ಇಡಿಸಿ, ಸಿಆರ್‌ಪಿಯವರಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ) ತಿಳಿಸಿ. ಪೆಂಡಾಲು, ಮೈಕು, ಶಾಲು, ಹಾರ ಬೇಡವೆಂದು ಅದೇ ಸಭೆಯಲ್ಲಿ ಹೇಳಿಬಿಡಿ. ಆಮೇಲೆ ಹೇಳಿದರೆ ಮನಸ್ತಾಪವಾಗುತ್ತದೆ. ಹಗ್ಗ, ಡ್ರಾಯಿಂಗ್ ಶೀಟು, ಮಾರ್ಕರ್, ಸುಣ್ಣದ ಪುಡಿ ಎಲ್ಲ ಸೇರಿ ನನಗೆ 1,500 ರೂಪಾಯಿ ದಾಟಿದ್ದೇ ಇಲ್ಲ. ನೆರಳಿಗೆ ಹಳೆಯ ಸೀರೆಗಳು, ಹಾಸಲು ಗೊಬ್ಬರದ್ದಲ್ಲದ, ಕಾಳು ತುಂಬಿದ್ದ ಚೀಲಗಳು ಊರಲ್ಲೇ ಸಿಗುತ್ತವೆ.

ಹತ್ತು ದಿನ ಮೊದಲು: 140 ಹೆಸರು, 140 ಕೆಲಸ

ಇಡೀ ವಾರದ ಜೀವ ಈ ಪಟ್ಟಿಯಲ್ಲಿದೆ. ಒಂದು ಸಂಜೆ ಶಿಕ್ಷಕರೆಲ್ಲ ಕುಳಿತು ಪ್ರತಿ ಮಗುವಿನ ಹೆಸರಿನ ಮುಂದೆ ಒಂದು ಕೆಲಸ ಬರೆಯಿರಿ. ಆದರೆ ಪಟ್ಟಿಯನ್ನು ಹಾಜರಿ ಅತಿ ಕಡಿಮೆ ಇರುವ ಮಗುವಿನಿಂದ ಆರಂಭಿಸಿ. ಜಾಣ ಮಕ್ಕಳಿಂದ ಆರಂಭಿಸಿದರೆ ಒಳ್ಳೆಯ ಕೆಲಸಗಳೆಲ್ಲ ಮೊದಲ ಪುಟದಲ್ಲೇ ಮುಗಿದು, ಕೊನೆಯ ಮಕ್ಕಳಿಗೆ ಕುರ್ಚಿ ಹಾಕುವುದು, ಕಸ ಗುಡಿಸುವುದು ಉಳಿಯುತ್ತದೆ.

ಕೆಲಸಗಳು ಬೇಕಾದಷ್ಟಿವೆ: ಅಂಗಡಿಯ ಜಾಗ ಅಳೆಯುವವರು, ತೂಗುವವರು, ತೂಕ ಪರೀಕ್ಷಿಸುವವರು, ಚಿಲ್ಲರೆ ಕೊಡುವವರು, ಚೀಟಿ ಬರೆಯುವವರು, ಕೂಗಿ ಗಿರಾಕಿಗಳನ್ನು ಕರೆಯುವವರು, ಫಲಕ ಬರೆಯುವವರು, ನೀರಿನ ಕೊಡ ನೋಡಿಕೊಳ್ಳುವವರು, ವರದಿಗಾರರು. ಸುಮಾರು 20 ಅಂಗಡಿ, ಒಂದೊಂದರಲ್ಲಿ ಐದು ಮಕ್ಕಳು. ನಾಲ್ಕರಿಂದ ಏಳನೆಯ ತರಗತಿಯವರನ್ನು ಬೆರೆಸಿ. ಚಟುವಟಿಕೆಯಿಂದ ಕಲಿಯುವ ನಲಿಕಲಿಯ ಮೊದಲ ಮೂರು ತರಗತಿಗಳಿಗೆ ಅವರದೇ ಪಾಲು ಇರಲಿ. ಒಂದನೆಯವರು ನುಗ್ಗೆಕಾಯಿ, ಕೊತ್ತಂಬರಿಯನ್ನು ಹತ್ತರ ಕಟ್ಟುಗಳಾಗಿ ಕಟ್ಟುತ್ತಾರೆ. ಎರಡನೆಯವರು ಬೆಲೆಯ ಚೀಟಿ ಅಂಟಿಸುತ್ತಾರೆ. ಮೂರನೆಯವರು ಅಂಗಡಿಗಳ ಹೆಸರು ಬರೆಯುತ್ತಾರೆ. ಕಡ್ಡಿಗಳನ್ನು ಕಟ್ಟಿ ಬಿಚ್ಚಿ ಹತ್ತು, ಬಿಡಿ ಕಲಿಯುತ್ತಿರುವ ಮಗುವಿಗೆ ನುಗ್ಗೆಕಾಯಿಯ ಕಟ್ಟು ಹೊಸದೇನಲ್ಲ.

ಗುಳೆಯಿಂದ ಬಂದ ಒಬ್ಬ ಹುಡುಗನ ವಿಷಯ ಇಲ್ಲಿ ಹೇಳಬೇಕು. ಐದನೆಯ ತರಗತಿ, ಕೈದಶಕದ ಕಳೆಯುವ ಲೆಕ್ಕದಲ್ಲಿ ತಡವರಿಸುತ್ತಿದ್ದ. ತಂದೆ ತಾಯಿಯ ಜೊತೆ ತಿಂಗಳುಗಟ್ಟಲೆ ಕಟ್ಟಡ ಕೆಲಸದ ಜಾಗದಲ್ಲಿದ್ದು ಬಂದವನು. ಏನು ಕೆಲಸ ಕೊಡುವುದೆಂದು ತಿಳಿಯದೆ ಜಾಗ ಅಳೆಯುವ ಗುಂಪಿಗೆ ಹಾಕಿದ್ದೆವು. ಅವನು ಹಗ್ಗ ಕೇಳಿದ. ಮೂಲೆಯಲ್ಲಿ ಗೂಟ ಹೊಡೆದು, ಒಂದು ಕಡೆ ಮೂರು ಅಡಿ, ಇನ್ನೊಂದು ಕಡೆ ನಾಲ್ಕು ಅಡಿ ಅಳೆದು ಸುಣ್ಣದ ಚುಕ್ಕೆ ಇಟ್ಟ. ಆಮೇಲೆ ಎರಡು ಚುಕ್ಕೆಗಳ ನಡುವೆ ಹಗ್ಗ ಎಳೆದು ಐದು ಅಡಿ ಬರುವವರೆಗೆ ಒಂದು ಗೂಟವನ್ನು ಇಷ್ಟಿಷ್ಟೇ ಸರಿಸಿದ. ‘ಈಗ ಮೂಲೆ ಸರಿ ಕೂತಿತು’ ಎಂದ. ಗಾರೆ ಕೆಲಸದವರು ಮೂಲೆಮಟ್ಟ ಹಿಡಿಯುವ ರೀತಿ ಅದು. ಪ್ರೌಢಶಾಲೆಯಲ್ಲಿ ಪೈಥಾಗೊರಸ್ ಪ್ರಮೇಯವಾಗಿ ಬರುತ್ತದೆ. ಅಂದು ಏಳನೆಯ ತರಗತಿಯವರು ಅವನಿಂದ ಕಲಿತರು. ಮೂರು, ನಾಲ್ಕು, ಐದನ್ನು ಅವನ ಹೆಸರಿನೊಡನೆ ಕಪ್ಪುಹಲಗೆಯ ಮೇಲೆ ಬರೆದೆ; ವಾರವಿಡೀ ಒರೆಸಲಿಲ್ಲ. ಮಗುವಿಗೆ ಏನು ಗೊತ್ತಿಲ್ಲ ಎಂಬುದರ ದಾಖಲೆ ನಮ್ಮಲ್ಲಿ ಬೇಕಾದಷ್ಟಿದೆ, ಏನು ಗೊತ್ತಿದೆ ಎಂದು ಕೇಳಲು ಈ ವಾರ ಬೇಕು.

ಸೋಮವಾರ: ಊರನ್ನು ಕೇಳುವ ದಿನ

ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಅಂಗಡಿ ಗುಂಪುಗಳು ಮೂರು ಪ್ರಶ್ನೆ ಹಿಡಿದು ಊರಿಗೆ ಹೋಗಲಿ. ಈಗ ನಿಮ್ಮ ಹಿತ್ತಲಲ್ಲಿ, ಹೊಲದಲ್ಲಿ ಏನು ಸಿಗುತ್ತದೆ? ಸಂತೆಯಲ್ಲಿ ಅದರ ಬೆಲೆ ಎಷ್ಟು? ನೀವು ಚಿಕ್ಕವರಿದ್ದಾಗ ಹೇಗೆ ಅಳೆಯುತ್ತಿದ್ದಿರಿ? ಪ್ರತಿ ಎರಡು ಗುಂಪಿಗೆ ಒಬ್ಬ ಹಿರಿಯರು ಜೊತೆಗಿರಲಿ, ಹತ್ತೂವರೆಗೆ ಹೊರಟು ಹನ್ನೆರಡಕ್ಕೆ ಮರಳಲಿ. ಮುಖ್ಯ ರಸ್ತೆ, ಕಾಲುವೆ, ತೆರೆದ ಬಾವಿಯ ಕಡೆಗೆ ಹೋಗುವ ದಾರಿ ಬೇಡ. ಹಿಂದಿನ ದಿನವೇ ಒಬ್ಬರು ದಾರಿ ನಡೆದು ನೋಡಿರಬೇಕು.

ಮೂರನೆಯ ಪ್ರಶ್ನೆಯೇ ಚಿನ್ನ. ಅಜ್ಜಿಯರು ಸೇರು, ಅಚ್ಚೇರು, ಪಾವು, ಕೊಳಗ ಎನ್ನುತ್ತಾರೆ. ನಾಲ್ಕಾಣೆ, ಎಂಟಾಣೆ ಬರುತ್ತದೆ. ಎಂಬತ್ತು ದಾಟಿದವರು ಸಿಕ್ಕರೆ ನಿಜಾಮರ ಕಾಲದ ನಾಣ್ಯವಾದ ‘ಹಾಲಿ’ ರೂಪಾಯಿಯ ಮಾತೂ ಬರಬಹುದು. ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. 16 ಆಣೆಗೆ ಒಂದು ರೂಪಾಯಿ ಎಂಬ ಲೆಕ್ಕ ಹೋಗಿ 100 ಪೈಸೆಗೆ ಒಂದು ರೂಪಾಯಿ ಬಂದದ್ದು 1957ರ ಏಪ್ರಿಲ್ 1ರಿಂದ. ಆರು, ಏಳನೆಯ ತರಗತಿಯವರಿಗೆ ಮಧ್ಯಾಹ್ನ ಇದನ್ನೇ ಸಮಾಜ ವಿಜ್ಞಾನದ ಪಾಠವಾಗಿ ಮಾಡಿ. ನಮ್ಮ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯ ಕಟ್ಟಿದ್ದು 1112ರಲ್ಲಿ. ಆ ಕಾಲದ ಶಾಸನಗಳಲ್ಲಿ ಭೂಮಿಗೆ ಮತ್ತರು, ಹಣಕ್ಕೆ ಗದ್ಯಾಣ ಎಂಬ ಲೆಕ್ಕಗಳಿವೆ ಎಂದರೆ ಮಕ್ಕಳ ಕಣ್ಣು ಅರಳುತ್ತದೆ. ಕೊಳಗ ಎಂಬ ಮಾತು ಶಾಸನದಲ್ಲೂ ಇದೆ, ಅಜ್ಜಿಯ ಬಾಯಲ್ಲೂ ಇದೆ.

ಇನ್ನೊಂದು ಕೆಲಸ: ಸಾಮಾನಿನ ಹೆಸರುಗಳ ಪಟ್ಟಿ. ಪಠ್ಯಪುಸ್ತಕ ಈರುಳ್ಳಿ ಎನ್ನುತ್ತದೆ, ನಮ್ಮ ಮನೆಗಳಲ್ಲಿ ಉಳ್ಳಾಗಡ್ಡಿ. ಉರ್ದು ಮನೆಮಾತಿನವರು ಪ್ಯಾಜ್ ಎನ್ನುತ್ತಾರೆ, ವಲಸೆ ರೈತರ ಕ್ಯಾಂಪಿನ ತೆಲುಗು ಮಕ್ಕಳು ಉಲ್ಲಿಗಡ್ಡ ಎನ್ನುತ್ತಾರೆ. ತಾಂಡಾದ ಮಕ್ಕಳು ಲಂಬಾಣಿಯಲ್ಲಿ ಏನೆನ್ನುತ್ತಾರೆಂದು ಅವರೇ ಹೇಳಲಿ, ಕನ್ನಡ ಲಿಪಿಯಲ್ಲಿ ಬರೆಯಲಿ. ಅಂಗಡಿ ಫಲಕದ ಮೇಲೆ ಆ ಎಲ್ಲ ಹೆಸರುಗಳೂ ಇರಲಿ. ತರಗತಿಯಲ್ಲಿ ಬಾಯಿ ಬಿಡದ ಎಷ್ಟೋ ಮಕ್ಕಳು ಈ ಪಟ್ಟಿಗೆ ಮಾತು ಕೊಡಲು ಎದ್ದು ನಿಲ್ಲುವುದನ್ನು ನೋಡಿದ್ದೇನೆ.

ಮಂಗಳವಾರ: ಅಳತೆಯ ದಿನ

ಇಡೀ ವಾರದಲ್ಲಿ ನನಗೆ ಅತಿ ಪ್ರಿಯವಾದ ದಿನ ಇದು. ಇದಕ್ಕೆ ಪೂರ್ತಿ ದಿನ ಕೊಡಿ.

ಮೊದಲು ತಕ್ಕಡಿ. ಎರಡು ಅಡಿ ಉದ್ದದ ನೇರವಾದ ಕೋಲು, ಒಂದೇ ಅಳತೆಯ ಎರಡು ತಟ್ಟೆ, ಗಟ್ಟಿ ದಾರ. ಕೋಲಿನ ನಟ್ಟನಡುವೆ ಕಚ್ಚು ಹಾಕಿ ದಾರ ಕಟ್ಟಬೇಕು. ತಟ್ಟೆಗಳ ದಾರ ಎರಡೂ ತುದಿಯಿಂದ ಒಂದೇ ದೂರದಲ್ಲಿರಬೇಕು. ಎತ್ತಿ ಹಿಡಿದಾಗ ಕೋಲು ಓರೆಯಾದರೆ ಹಗುರವಾದ ಕಡೆಗೆ ಸ್ವಲ್ಪ ಜೇಡಿಮಣ್ಣು ಮೆತ್ತಿ ಸಮ ಮಾಡಿ. ಅಷ್ಟಕ್ಕೇ ನಂಬಬೇಡಿ. ಎಡತಟ್ಟೆಯಲ್ಲಿ ಕಲ್ಲು, ಬಲತಟ್ಟೆಯಲ್ಲಿ ಕಾಳು ಹಾಕಿ ಸಮ ಮಾಡಿದ ಮೇಲೆ ಎರಡನ್ನೂ ಅದಲುಬದಲು ಮಾಡಿ. ಆಗಲೂ ಕೋಲು ಸಮನಾಗಿ ನಿಂತರೆ ತಕ್ಕಡಿ ಸಾಚಾ. ಓರೆಯಾದರೆ ಎರಡು ತೋಳುಗಳ ಉದ್ದ ಬೇರೆಯಾಗಿದೆ, ದಾರ ಸರಿಸಬೇಕು. ಈ ಪರೀಕ್ಷೆ ಮಾಡುವವರೇ ಗುರುವಾರದ ತೂಕ ಪರೀಕ್ಷಕರು.

ಆಮೇಲೆ ಬೊಡ್ಡುಗಳು. ಅಂಗಡಿಯಿಂದ ಎರವಲು ತರಬೇಡಿ, ನೀರಿನಿಂದ ಮಾಡಿ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಹಾಗಾದರೆ 500 ಮಿಲಿಲೀಟರ್ ನೀರು 500 ಗ್ರಾಂ. ಒಂದು ತಟ್ಟೆಯಲ್ಲಿ 500 ಮಿಲಿಲೀಟರ್ ನೀರು ತುಂಬಿದ ಬಾಟಲಿ ಇಟ್ಟು, ಇನ್ನೊಂದು ತಟ್ಟೆಯಲ್ಲಿ ಬಟ್ಟೆಯ ಚೀಲಕ್ಕೆ ಮರಳು ಸುರಿಯುತ್ತ ಹೋಗಿ. ಇಲ್ಲಿ ನಿಂತು ಕೇಳಿ: ಬಾಟಲಿಗೂ ತೂಕ ಇದೆಯಲ್ಲ? ಉತ್ತರ ಹೇಳಬೇಡಿ, ಕಾಯಿರಿ. ಒಮ್ಮೆ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಅದೇ ರೀತಿಯ ಖಾಲಿ ಬಾಟಲಿಯನ್ನು ಮುಚ್ಚಳ ಸಹಿತ ತಂದು ಮರಳಿನ ಕಡೆಯ ತಟ್ಟೆಯಲ್ಲಿಟ್ಟಳು. ಬಾಟಲಿಗೆ ಬಾಟಲಿ ಸರಿಹೋಯಿತು, ನೀರಿಗೆ ಮರಳು ಉಳಿಯಿತು. ಹೀಗೆಯೇ 250 ಗ್ರಾಂ. 100 ಗ್ರಾಂ ಬೇಕಾದರೆ ಔಷಧದ ಬಾಟಲಿಯ ಹತ್ತು ಮಿಲಿಲೀಟರ್ ಮುಚ್ಚಳದಿಂದ ಹತ್ತು ಸಲ ನೀರು ಹಾಕಿದರಾಯಿತು. ಚೀಲದ ಬಾಯಿ ಹೊಲಿದು ಮೇಲೆ ತೂಕ ಬರೆಯಿರಿ.

ಮಧ್ಯಾಹ್ನ ಸೇರಿನ ಸರದಿ. ಮನೆಗಳಿಂದ ತಂದ ಮೂರು ನಾಲ್ಕು ಸೇರುಗಳನ್ನು ಸಾಲಾಗಿ ಇಡಿ. ಒಂದರ ತುಂಬ ಜೋಳ ಸುರಿದು, ಅದನ್ನೇ ಇನ್ನೊಂದಕ್ಕೆ ಸುರಿಯಿರಿ. ಒಂದು ಮನೆಯ ಸೇರಿಗೂ ಇನ್ನೊಂದು ಮನೆಯ ಸೇರಿಗೂ ಒಂದು ಹಿಡಿಯಷ್ಟಾದರೂ ವ್ಯತ್ಯಾಸ ಕಂಡರೆ ಮಕ್ಕಳು ಗದ್ದಲ ಎಬ್ಬಿಸುತ್ತಾರೆ. ಎಬ್ಬಿಸಲಿ. ದೇಶಕ್ಕೆಲ್ಲ ಒಂದೇ ಅಳತೆ ಏಕೆ ಬೇಕಾಯಿತೆಂದು ವಿವರಿಸುವ ಕಷ್ಟ ತಪ್ಪುತ್ತದೆ. ನಂತರ ಒಂದೇ ಸೇರಿನಲ್ಲಿ ಜೋಳ, ಸಜ್ಜೆ, ಸುಲಿಯದ ಶೇಂಗಾ, ಮಂಡಕ್ಕಿ ಅಳೆದು ತೂಗಿ. ಜೋಳದ ತಟ್ಟೆ ದಡಕ್ಕನೆ ಕೆಳಗಿಳಿಯುತ್ತದೆ. ಮಂಡಕ್ಕಿ ಹಾಕಿದ ತಟ್ಟೆ 100 ಗ್ರಾಂ ಬೊಡ್ಡನ್ನು ಎತ್ತಲೂ ತಿಣುಕುತ್ತದೆ. ಸೇರು ಒಂದೇ, ತೂಕ ಬೇರೆ ಬೇರೆ. ಗಾತ್ರ ಮತ್ತು ತೂಕ ಎರಡೂ ಒಂದೇ ಎಂದು ಬಗೆದಿದ್ದ ಮಗುವಿನ ಮುಖದಲ್ಲಿ ಆ ಕ್ಷಣ ಏನಾಗುತ್ತದೆ ಎಂಬುದನ್ನು ನೋಡಲಿಕ್ಕಾಗಿಯೇ ನಾನು ತಕ್ಕಡಿಯ ಎದುರು ಮೊಣಕಾಲೂರಿ ಕೂರುತ್ತೇನೆ.

ಬುಧವಾರ: ಕೈಕೆಲಸ

ಹೊಲ, ಹಿತ್ತಲು ಇಲ್ಲದ ಮನೆಗಳ ಮಕ್ಕಳಿಗೂ ಮಾರಲು ಸಾಮಾನು ಬೇಕು. ಬುಧವಾರ ಅದನ್ನು ಶಾಲೆಯಲ್ಲೇ ಮಾಡಿಸಿ: ಹಳೆಯ ಪತ್ರಿಕೆಯ ಚೀಲ, ಮಣಿಸರ, ಮಣ್ಣಿನ ಎತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಕೈಗಳಿಗೆ ಹೊಸದಾಗಿ ಕಲಿಸುವುದೇನೂ ಇಲ್ಲ. ಕೆರೆಯ ಜೇಡಿಮಣ್ಣನ್ನು ಹಿಂದಿನ ದಿನವೇ ನೆನೆಸಿಟ್ಟು, ಕಲ್ಲು ತೆಗೆದು ನಾದಿರಬೇಕು. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ, ನೆರಳಲ್ಲೇ ಒಣಗಲಿ.

ಕಿನ್ನಾಳ ನಮ್ಮ ತಾಲ್ಲೂಕಿನಲ್ಲೇ ಇದೆ. ಹಗುರ ಮರದ ಬೊಂಬೆಗೆ ಹುಣಸೆಬೀಜದ ಅಂಟು ಬೆರೆಸಿದ ‘ಕಿಟ್ಟ’ ಎಂಬ ಲೇಪ ಬಳಿದು, ಅದರ ಮೇಲೆ ಬಣ್ಣ ಹಚ್ಚುವ ಅಲ್ಲಿನ ಚಿತ್ರಗಾರರ ಕಲೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಕಲಾವಿದರೊಬ್ಬರನ್ನು ಶಾಲೆಗೆ ಕರೆತರಲು ಸಾಧ್ಯವಾದರೆ ಅವರ ದಿನದ ಕೂಲಿ ಮತ್ತು ಬಸ್ ಖರ್ಚು ಕೊಟ್ಟೇ ಕರೆಸಿ. ಸನ್ಮಾನ ಮಾಡಿ ಕಳುಹಿಸಿದರೆ ಆ ದಿನದ ದುಡಿಮೆ ಹೋದದ್ದು ಹೋದಂತೆಯೇ. ಆಗದಿದ್ದರೆ ಹುಣಸೆಬೀಜದ ಅಂಟನ್ನು ಶಾಲೆಯಲ್ಲೇ ಮಾಡಬಹುದು: ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ನುಣ್ಣಗೆ ರುಬ್ಬಿ, ನೀರಿನಲ್ಲಿ ಕುದಿಸಬೇಕು. ಒಲೆಯ ಹತ್ತಿರ ದೊಡ್ಡವರು ಮಾತ್ರ. ಪತ್ರಿಕೆ ಚೀಲಗಳಿಗೆ ಆ ಅಂಟು ಧಾರಾಳ ಸಾಕು.

ಸಂಜೆಯ ಹೊತ್ತಿಗೆ ಸುಣ್ಣದ ಗೆರೆ ಎಳೆದು ನಾಲ್ಕು ಅಡಿಗೆ ಮೂರು ಅಡಿಯ 20 ಅಂಗಡಿ ಜಾಗ ಗುರುತಿಸಿ. ನಡುವೆ ಎಂಟು ಅಡಿ ದಾರಿ ಬಿಡಿ.

ಗುರುವಾರ: ಸಂತೆ

ಹತ್ತೂವರೆಗೆ ಆರಂಭ, ಹನ್ನೆರಡೂಮುಕ್ಕಾಲಿಗೆ ಮುಗಿಯಲೇಬೇಕು. ಬಿಸಿಲು ಒಂದು ಕಾರಣ, ಊಟ ಇನ್ನೊಂದು ಕಾರಣ. ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ 2002ರಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಆ ಊಟದ ಬೆಲೆ ಏನೆಂದು ಈ ಭಾಗದ ಶಿಕ್ಷಕರಿಗೆ ಹೇಳಬೇಕಾಗಿಲ್ಲ. ಸಂತೆಯಲ್ಲಿ ಮಿರ್ಚಿ ಬಜ್ಜಿ ತಿಂದ ಮಗು ಅನ್ನ, ಮೊಟ್ಟೆ ಬಿಡುತ್ತದೆ. ಹಾಗಾಗಿ ಕರಿದ ತಿಂಡಿ, ಕತ್ತರಿಸಿದ ಹಣ್ಣು, ಐಸ್‌ಕ್ರೀಮ್ ಅಂಗಡಿ ಬೇಡವೇ ಬೇಡ. ಅಡುಗೆಯವರಿಗೆ ಹಿಂದಿನ ದಿನವೇ ಸಮಯ ತಿಳಿಸಿ, ಅವರಿಗೂ ಕೊಳ್ಳಲು ಬಿಡುವು ಸಿಗಲಿ.

ನಿಯಮಗಳು ಕಡಿಮೆ, ಆದರೆ ಬಿಗಿ. ಒಂದು ಮಗು 20 ರೂಪಾಯಿಗಿಂತ ಹೆಚ್ಚು ತರುವಂತಿಲ್ಲ. ಹಣ ತರಲಾಗದ ಮಕ್ಕಳಿಗೆ ಅಂಗಡಿಯ ದುಡಿಮೆಗೆ ಬೆಳಗ್ಗೆಯೇ ಹತ್ತು ರೂಪಾಯಿ ಕೂಲಿ ಕೊಡಿ, ಯಾರಿಗೆ ಎಂಬುದು ಇನ್ನೊಬ್ಬರಿಗೆ ಗೊತ್ತಾಗದಂತೆ ಎಲ್ಲರಿಗೂ ಕೊಡುವುದು ಇನ್ನೂ ಒಳ್ಳೆಯದು. ಅಂಗಡಿಯ ಬಂಡವಾಳ 100 ರೂಪಾಯಿ ಮೀರಬಾರದು. ಒಂದು, ಎರಡು, ಐದರ ನಾಣ್ಯಗಳನ್ನು ವಾರ ಮೊದಲೇ ಕೂಡಿಸಿ, ಪ್ರತಿ ಅಂಗಡಿಗೆ 50 ರೂಪಾಯಿ ಚಿಲ್ಲರೆ ಎಣಿಸಿ ಕೊಟ್ಟು ಸಹಿ ಪಡೆಯಿರಿ. ಮೊಬೈಲ್ ಪಾವತಿ ಬೇಡ, ಚಿಲ್ಲರೆ ಲೆಕ್ಕವೇ ಇಲ್ಲಿನ ಪಾಠ.

ನಮ್ಮ ಮೊದಲ ಸಂತೆ ಇಪ್ಪತ್ತೇ ನಿಮಿಷದಲ್ಲಿ ಮುಗಿದುಹೋಯಿತು. ದೊಡ್ಡವರು ಪ್ರೀತಿಯಿಂದಲೇ ನುಗ್ಗಿ, 500ರ ನೋಟು ಕೊಟ್ಟು, ‘ಚಿಲ್ಲರೆ ಇಟ್ಟುಕೊಳ್ಳಿ’ ಎಂದು ಎಲ್ಲವನ್ನೂ ಕೊಂಡುಬಿಟ್ಟರು. ಮಕ್ಕಳು ಒಂದು ಲೆಕ್ಕವನ್ನೂ ಮಾಡಲಿಲ್ಲ. ಈಗ ಮೊದಲ ಒಂದು ಗಂಟೆ ಮಕ್ಕಳಿಗೆ ಮಾತ್ರ. ಆಮೇಲೆ ಬರುವ ದೊಡ್ಡವರು ಮಗು ಚೀಟಿ ಬರೆದು ಮೊತ್ತ ಹೇಳುವವರೆಗೆ ಬಾಯಿ ಬಿಡುವಂತಿಲ್ಲ, ಚಿಲ್ಲರೆ ಬಿಡುವಂತಿಲ್ಲ. ಬಾಗಿಲಲ್ಲೇ ಫಲಕ ಹಾಕಿ.

ಶಿಕ್ಷಕರಿಗೆ ಈ ಹೊತ್ತಿನಲ್ಲಿ ಒಂದೇ ಕೆಲಸ: ಕೈಯಲ್ಲಿ ಸಣ್ಣ ಪುಸ್ತಕ ಹಿಡಿದು ನೋಡುವುದು. ಅರ್ಧ ಕಿಲೋ 30 ರೂಪಾಯಿಯಾದರೆ ಕಾಲು ಕಿಲೋ ಎಷ್ಟೆಂದು ಬಾಯಿಲೆಕ್ಕ ಮಾಡಿದವರು ಯಾರು, ಬೆರಳು ಮಡಚಿದವರು ಯಾರು, ಗೆಳೆಯನ ಮುಖ ನೋಡಿದವರು ಯಾರು. ಮಗು ತಪ್ಪು ಚಿಲ್ಲರೆ ಕೊಟ್ಟರೆ ತಿದ್ದಬೇಡಿ. ಗಿರಾಕಿ ತಿದ್ದುತ್ತಾನೆ.

ಶುಕ್ರವಾರ: ಲೆಕ್ಕದ ದಿನ

ಬೆಳಗ್ಗೆ ಚೀಟಿಗಳನ್ನು ಕೂಡಿಸಿ, ಹಣ ಎಣಿಸಿ, ಎರಡೂ ಹೊಂದುತ್ತವೆಯೇ ನೋಡಬೇಕು. ಹೊಂದುವುದಿಲ್ಲ. ವ್ಯತ್ಯಾಸವನ್ನು ಗದರದೆ ಬರೆಸಿ. ಎಲ್ಲಿ ತಪ್ಪಿರಬಹುದೆಂದು ಗುಂಪೇ ಹುಡುಕಲಿ.

ನಂತರ ಲಾಭ. ಇಲ್ಲಿ ಅವಸರ ಮಾಡಬೇಡಿ. ಒಂದು ವರ್ಷ ಪುಂಡಿ ಸೊಪ್ಪಿನ ಅಂಗಡಿಯವರು 24 ಕಟ್ಟು, ಒಂದಕ್ಕೆ ಐದು ರೂಪಾಯಿ, ಒಟ್ಟು 120, ಖರ್ಚು ಸೊನ್ನೆ, ಲಾಭ 120 ಎಂದು ಬರೆದು ತಂದರು. ಖರ್ಚು ಸೊನ್ನೆ ಹೇಗೆ ಎಂದು ಕೇಳಿದೆ. ಸೊಪ್ಪು ಹೊಲದ್ದು ಎಂದರು. ಕೊಯ್ದವರು ಯಾರು? ಅವ್ವ. ಎಷ್ಟು ಹೊತ್ತು? ನಸುಕಿನಿಂದ ಹೊತ್ತು ಏರುವವರೆಗೆ. ಅದೇ ಎರಡು ಗಂಟೆ ಬೇರೆಯವರ ಹೊಲದಲ್ಲಿ ದುಡಿದಿದ್ದರೆ? ಗುಂಪಿನ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಸೊನ್ನೆಯನ್ನು ಹೊಡೆದುಹಾಕಿ ‘ಅವ್ವನ ಕೂಲಿ’ ಎಂದು ಬರೆದು, ಮುಂದೆ ಎಷ್ಟು ಹಾಕಬೇಕೆಂದು ಮನೆಯಲ್ಲಿ ಕೇಳಿ ಬರುತ್ತೇನೆ ಎಂದಳು. ಶನಿವಾರ ಆ ಜಾಗದಲ್ಲಿ 80 ಎಂದು ಇತ್ತು. ಅಂದಿನಿಂದ ನಮ್ಮ ಲೆಕ್ಕದ ಹಾಳೆಯಲ್ಲಿ ‘ಮನೆಯವರ ದುಡಿಮೆ’ ಎಂಬ ಕಾಲಂ ಖಾಯಂ ಆಗಿದೆ. ನೀವೂ ಹಾಕಿಕೊಳ್ಳಿ.

ಮಧ್ಯಾಹ್ನ ಬರವಣಿಗೆ. ಸಂತೆಯಲ್ಲಿ ಕೂಗಿದ್ದೆಲ್ಲ ಮನೆಮಾತಿನಲ್ಲಿ, ಅದು ಹಾಗೆಯೇ ಇರಬೇಕು. ಈಗ ಒಬ್ಬ ಗಿರಾಕಿಯ ಜೊತೆ ನಡೆದ ಮಾತುಕತೆಯನ್ನು ಮೊದಲು ಆಡಿದಂತೆಯೇ, ನಂತರ ಪುಸ್ತಕದ ಕನ್ನಡದಲ್ಲಿ ಬರೆಯಲಿ. ಎರಡನ್ನೂ ಅಕ್ಕಪಕ್ಕ ಅಂಟಿಸಿ. ಎರಡೂ ಕನ್ನಡವೇ ಎಂದು ಹೇಳುವುದನ್ನು ಮರೆಯಬೇಡಿ. ಬರೆಯಲು ಬಾರದ ಮಗು ಚಿತ್ರ ಬಿಡಿಸಿ, ಗೆಳೆಯರಿಂದ ಎರಡು ಸಾಲು ಬರೆಸಿಕೊಂಡು, ತಾನೇ ಕೆಳಗೆ ಹೆಸರು ಬರೆಯಲಿ.

ಶನಿವಾರ ಮತ್ತು ಆಮೇಲೆ

ಬೆಳಗಿನ ಶಾಲೆ, ಆದ್ದರಿಂದ ಪಾಲಕರ ಸಭೆ ಒಂದೇ ಗಂಟೆ. ಭಾಷಣ ಬೇಡ. ಪ್ರತಿ ಗುಂಪು ತನ್ನ ಲೆಕ್ಕದ ಹಾಳೆ ಓದಲಿ, ಒಬ್ಬರು ತಕ್ಕಡಿ ಪರೀಕ್ಷೆ ಮಾಡಿ ತೋರಿಸಲಿ. ಲಾಭದ ಹಣ ಮಕ್ಕಳದ್ದು. ಶಾಲೆಯ ಖರ್ಚಿಗೆ ತೆಗೆದುಕೊಳ್ಳಬೇಡಿ. ಏನು ಮಾಡಬೇಕೆಂದು ಗುಂಪೇ ಕೈಯೆತ್ತಿ ತೀರ್ಮಾನಿಸಲಿ.

ಸೋಮವಾರ ಶಿಕ್ಷಕರೆಲ್ಲ ಸೇರಿ 140 ಹೆಸರಿನ ಪಟ್ಟಿಯನ್ನು ಮತ್ತೆ ತೆಗೆಯಿರಿ. ಪ್ರತಿ ಹೆಸರಿನ ಮುಂದೆ, ಗುರುವಾರದ ಪುಸ್ತಕ ನೋಡಿ, ಈ ಮಗುವಿಗೆ ಬರುವುದೇನು ಎಂದು ಒಂದು ಸಾಲು ಬರೆಯಿರಿ. ಯಾರ ಮುಂದೆ ಬರೆಯಲು ಏನೂ ತೋಚುವುದಿಲ್ಲವೋ ಆ ಮಕ್ಕಳ ಹೆಸರನ್ನು ಬೇರೆ ಹಾಳೆಯಲ್ಲಿ ಬರೆದು ಮೇಜಿನ ಗಾಜಿನ ಕೆಳಗಿಡಿ. ಮುಂದಿನ ತಿಂಗಳು ನಿಮ್ಮ ಗಮನ ಅವರ ಮೇಲೆ. ಬೊಡ್ಡುಗಳು, ತಕ್ಕಡಿ ಗಣಿತದ ಕಪಾಟಿಗೆ ಹೋಗಲಿ. ಸೇರುಗಳನ್ನು ಮಾತ್ರ ತೊಳೆದು, ಒರೆಸಿ, ತಂದ ಮಗುವಿನ ಕೈಯಲ್ಲೇ ಅಳತೆಯಾದ ಮಂಗಳವಾರವೇ ಮನೆಗೆ ಕಳುಹಿಸಿ. ಸಂಜೆ ರೊಟ್ಟಿಗೆ ಹಿಟ್ಟು ಅಳೆಯಲು ಅವು ಬೇಕಾಗಿರುತ್ತವೆ.